ಕಾಲಿಗಿಳಿದ ನೋವು ಸೊಂಟಕ್ಕೆ ಮರಳಿದ ದಿನ

ಕೇಳುಗರಿಗೆ ನಮಸ್ಕಾರ. ಸೊಂಟದಿಂದ ಕಾಲಿಗೆ ಇಳಿಯುವ ನೋವಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ.

ನಮ್ಮೂರು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ಹುಳು ಸಾಕುತ್ತೇವೆ. ನಾನು 28 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಸ್ಕೂಲಿಗೆ ಹೊರಡುವ ಮೊದಲು ಹುಳು ಮನೆ, ಸ್ಕೂಲಿನಿಂದ ಬಂದ ಮೇಲೆ ಮತ್ತೆ ಹುಳು ಮನೆ.

ರೇಷ್ಮೆ ಮಾಡುವವರಿಗೆ ಗೊತ್ತಿರುತ್ತೆ, ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ ಹುಳುವಿಗೆ ಎಂಥಾ ಹಸಿವು ಅಂತ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗ ಆ ಕೊನೆಯ ವಾರದಲ್ಲೇ ಖಾಲಿಯಾಗುತ್ತದೆ. ಆಗ ಮನೆಯವರಿಗೆ ನಿದ್ದೆ ಇಲ್ಲ. ಹನ್ನೊಂದು ವರ್ಷದ ಹಿಂದೆ ಅಂಥದೇ ಒಂದು ಬೆಳಗಿನ ಜಾವ ಸೊಪ್ಪಿನ ಹೊರೆ ಎತ್ತಿದೆ. ಕಾಲು ತಿರುಗಿಸದೆ, ಬರೀ ಸೊಂಟ ತಿರುಗಿಸಿ ಪಕ್ಕಕ್ಕೆ ಇಟ್ಟೆ. ಒಳಗೆ ಚಳಕ್ ಅಂತು. ಅಷ್ಟೇ. ಹುಳುವಿಗೆ ಸೊಪ್ಪು ಹಾಕಿ ಮುಗಿಸಿದೆ, ಸ್ಕೂಲಿಗೂ ಹೋದೆ.

ಮೂರನೇ ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಒಂದು ಸೀನು ಬಂತು. ಎಡ ಪಿರ್ರೆಯಿಂದ ತೊಡೆಯ ಹಿಂಭಾಗ, ಮೀನಖಂಡ, ಅಲ್ಲಿಂದ ಕಾಲಿನ ಹೆಬ್ಬೆರಳಿನವರೆಗೆ ಕರೆಂಟ್ ಹೊಡೆದ ಹಾಗಾಯಿತು. ಸೀಮೆಸುಣ್ಣ ಕೈಯಿಂದ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಆಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಎತ್ತಿಕೊಟ್ಟಳು.

ಇದಕ್ಕೇ ಸಯಾಟಿಕಾ ಅನ್ನುತ್ತಾರೆ. ಆಯುರ್ವೇದದವರು ಗೃಧ್ರಸಿ ಅನ್ನುತ್ತಾರೆ. ನಮ್ಮ ಕಡೆ ಜನ 'ನರ ಹಿಡ್ಕೊಂಡಿದೆ' ಅನ್ನುತ್ತಾರೆ, ಆ ಮಾತು ಸತ್ಯಕ್ಕೆ ತುಂಬಾ ಹತ್ತಿರವೇ ಇದೆ. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಉದ್ದವಾದ, ದಪ್ಪವಾದ ನರ ಇದು. ಬೆರಳಿನಷ್ಟು ದಪ್ಪ. ಸೊಂಟದ ಕೆಳಭಾಗದಿಂದ ಹೊರಟ ಎಳೆಗಳು ಪಿರ್ರೆಯ ಒಳಗೆ ಒಂದಾಗಿ, ತೊಡೆಯ ಹಿಂದೆ ಇಳಿದು, ಕವಲೊಡೆದು ಪಾದಕ್ಕೆ ಹೋಗುತ್ತವೆ. ಬೆನ್ನುಮೂಳೆಗಳ ನಡುವೆ ಮೆತ್ತೆಯಂತೆ ಇರುವುದು ಡಿಸ್ಕ್. ಹೊರಗೆ ಗಟ್ಟಿ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ಹೊರಗಿನ ನಾರು ಬಿರಿದರೆ ತಿರುಳು ಆಚೆ ಉಬ್ಬಿ ನರದ ಬುಡಕ್ಕೆ ತಾಗುತ್ತದೆ. ನರದ ಬುಡ ಊದಿಕೊಳ್ಳುತ್ತದೆ. ಪೆಟ್ಟು ಬಿದ್ದಿರುವುದು ಸೊಂಟದಲ್ಲಿ, ಆದರೆ ಕೂಗುವುದು ಕಾಲು. ಅದಕ್ಕೇ ಎಷ್ಟೋ ಜನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿರುತ್ತಾರೆ.

ಆಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರು. ಒಬ್ಬರು ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋದರು. ಅವರು ಬೆನ್ನಿನ ಮೇಲೆ ಕಾಲಿಟ್ಟು ತುಳಿದರು, ಮನೆಗೆ ಬರುವಾಗ ಆಟೋದಲ್ಲಿ ಕೂರಲೂ ಆಗಲಿಲ್ಲ. ಇನ್ನೊಬ್ಬರು ಬರೀ ನೆಲದ ಮೇಲೆ, ಚಾಪೆ ಹಾಸಿ, ಅಲ್ಲಾಡದೆ ಮಲಗು ಅಂದರು. ಮೂರು ವಾರ ಹಾಗೇ ಮಲಗಿದೆ. ಸ್ನಾನಕ್ಕೂ ಒಬ್ಬರು ಹಿಡಿದುಕೊಳ್ಳಬೇಕು ಅನ್ನುವ ಸ್ಥಿತಿಗೆ ಬಂದೆ. ತೊಡೆ ಸೊರಗಿತು. ನೋವು ಮಾತ್ರ ಇದ್ದಲ್ಲೇ ಇತ್ತು.

ಈ ಮಲಗುವ ವಿಷಯ ನಾನು ಒತ್ತಿ ಹೇಳಬೇಕು. ನೆದರ್‌ಲ್ಯಾಂಡ್ಸ್ ದೇಶದಲ್ಲಿ 1999ರಲ್ಲಿ ಸಯಾಟಿಕಾ ಇದ್ದ 183 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ಎರಡು ವಾರ ಹಾಸಿಗೆ ಹಿಡಿದು ಮಲಗಿತು. ಇನ್ನೊಂದು ಗುಂಪು ಆದಷ್ಟು ಓಡಾಡಿಕೊಂಡಿತ್ತು. ಹನ್ನೆರಡು ವಾರ ಕಳೆದಾಗ ಎರಡೂ ಗುಂಪಿನಲ್ಲಿ ನೂರಕ್ಕೆ 87 ಜನರಿಗೆ ವಾಸಿ ಕಂಡಿತ್ತು. ಮಲಗಿದ್ದರಿಂದ ಒಂದು ಕಾಸಿನ ಲಾಭ ಇಲ್ಲ. ನನ್ನ ಮೂರು ವಾರ ಸುಮ್ನೆ ಹೋಯಿತು ಅಂತ ಇದನ್ನು ಓದಿದ ದಿನ ನನಗೆ ನಿಜಕ್ಕೂ ಬೇಜಾರಾಯಿತು. ನೋವು ಜಾಸ್ತಿ ಇದ್ದಾಗ ಒಂದೆರಡು ದಿನ ಒರಗಿಕೊಳ್ಳಿ, ಬೇಡ ಅನ್ನುವುದಿಲ್ಲ. ಅದಕ್ಕಿಂತ ಜಾಸ್ತಿ ಬೇಡ.

ನಂತರ ಎಂಆರ್‌ಐ. ರಿಪೋರ್ಟಿನಲ್ಲಿ ಎರಡು ಕಡೆ ಡಿಸ್ಕ್ ಉಬ್ಬಿದೆ, ಸವೆದಿದೆ ಅಂತ ಬರೆದಿತ್ತು. ಒಂದು ಕಡೆ ತೋರಿಸಿದಾಗ, 'ತಕ್ಷಣ ಆಪರೇಷನ್ ಮಾಡಿಸಿ, ಇಲ್ಲಾಂದ್ರೆ ಕಾಲು ಬಿದ್ದುಹೋಗುತ್ತೆ' ಅಂದರು. ಪರೀಕ್ಷೆ ಮಾಡಲು ಅವರು ನನ್ನ ಕಾಲನ್ನು ಮುಟ್ಟಿಯೂ ನೋಡಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಗೂಡು ಮಾರಿದ ದುಡ್ಡು, ಚಿನ್ನ, ಸಾಲ, ಎಲ್ಲದರ ಲೆಕ್ಕ ಶುರುವಾಯಿತು.

ಅಂಥ ರಿಪೋರ್ಟು ಕೈಯಲ್ಲಿ ಹಿಡಿದು ಹೆದರಿ ಕೂತವರು ಈಗಲೂ ಯಾರಾದರೂ ಕೇಳುತ್ತಿರಬಹುದು. ಅವರಿಗೆ ಒಂದು ಮಾತು. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ನೋವಿಲ್ಲ, ಉಬ್ಬು ಇದೆ. ವಯಸ್ಸಾದಂತೆ ಕೂದಲು ನರೆಯುವ ಹಾಗೆ ಡಿಸ್ಕೂ ಸವೆಯುತ್ತದೆ. ಇನ್ನೊಂದು, ಆಚೆ ಬಂದ ತಿರುಳು ಅಲ್ಲೇ ಇರುವುದಿಲ್ಲ. ಎಷ್ಟೋ ಜನರಲ್ಲಿ ಮೈಯೇ ಅದನ್ನು ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ. ದೊಡ್ಡದಾಗಿ ಹೊರಗೆ ಬಂದದ್ದು ಇನ್ನೂ ಚೆನ್ನಾಗಿ ಕರಗುವುದುಂಟು. ಚಿತ್ರದಲ್ಲಿ ಏನಿದೆ ಅನ್ನುವುದಕ್ಕಿಂತ ನಿಮ್ಮ ಕಾಲಿಗೆ ಬಲ ಇದೆಯಾ, ಸ್ಪರ್ಶ ಇದೆಯಾ ಅನ್ನುವುದು ಮುಖ್ಯ.

ಅದನ್ನು ನೋಡಿದವರು ನಮ್ಮಕ್ಕನ ಮಗ ಕರೆದುಕೊಂಡು ಹೋದ ಇನ್ನೊಬ್ಬ ಡಾಕ್ಟರು. ಹಿಮ್ಮಡಿ ಮೇಲೆ ನಡೆಸಿದರು. ತುದಿಗಾಲಲ್ಲಿ ನಡೆಸಿದರು. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲು ಮೇಲೆತ್ತಿದರು. ನಾನು ಅಮ್ಮಾ ಅಂದಾಗ ನಿಲ್ಲಿಸಿ, 'ಇಲ್ಲಿಂದ ಕಾಲಿಗೆ ಹೋಯ್ತಾ?' ಅಂತ ಕೇಳಿದರು. ಕಾಲಿನ ಹೆಬ್ಬೆರಳನ್ನು ತಮ್ಮ ಬೆರಳಿಂದ ಒತ್ತಿ ಹಿಡಿದು, 'ನನ್ನ ವಿರುದ್ಧ ಮೇಲಕ್ಕೆ ಎತ್ತಮ್ಮ' ಅಂದರು. ಎತ್ತಿದೆ. 'ಬಲ ಇದೆ. ಈಗ ಆಪರೇಷನ್ ಬೇಡ. ಆರು ವಾರ ನೋಡೋಣ' ಅಂದು ಫಿಸಿಯೋಥೆರಪಿಗೆ ಕಳಿಸಿದರು. ಇಪ್ಪತ್ತು ನಿಮಿಷವೂ ಆಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳು ಚಿಕ್ಕ ವಯಸ್ಸಿನವಳು. ಬೋರಲಾಗಿ ಮಲಗಿಸಿದಳು. ಐದು ನಿಮಿಷ ಸುಮ್ಮನೆ. ಆಮೇಲೆ ಮೊಣಕೈ ಊರಿ ಎದೆ ಎತ್ತಿ, ಇನ್ನೊಂದೆರಡು ನಿಮಿಷ. ಆಮೇಲೆ ಅಂಗೈ ಊರಿ, ಸೊಂಟ ನೆಲಕ್ಕೇ ಬಿಟ್ಟು, ಎದೆ ಮಾತ್ರ ಮೇಲೆ. ಹತ್ತು ಸಲ. 'ಮೇಡಂ, ನೋವು ಎಲ್ಲಿದೆ ಅಂತ ಗಮನ ಇಟ್ಟು ನೋಡ್ಕೊಳ್ಳಿ. ಕಾಲಿಂದ ಮೇಲಕ್ಕೆ ಬಂದ್ರೆ ಖುಷಿ ಪಡಿ, ಸೊಂಟ ಜಾಸ್ತಿ ನೋಯ್ತಿದ್ರೂ ಪರವಾಗಿಲ್ಲ. ಕೆಳಕ್ಕೆ ಇಳಿದ್ರೆ ತಕ್ಷಣ ನಿಲ್ಲಿಸಿ' ಅಂದಳು.

ಈ ಗುಟ್ಟು ಸಿಕ್ಕಿದ್ದು 1956ರಲ್ಲಿ, ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಅನ್ನುವ ಫಿಸಿಯೋಥೆರಪಿಸ್ಟ್‌ಗೆ. ಕಾಲು ನೋವಿನ ರೋಗಿಯೊಬ್ಬರಿಗೆ ಒಳಗೆ ಹೋಗಿ ಬೋರಲು ಮಲಗಿ ಅಂದಿದ್ದರು. ಮಂಚದ ತಲೆಭಾಗ ಮೇಲೆತ್ತಿದ್ದು ಹಾಗೇ ಇತ್ತು. ರೋಗಿ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಮಲಗಿಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮೆಕೆಂಜಿ ಗಾಬರಿಯಿಂದ ಬಂದು ನೋಡಿದರೆ, ಕಾಲು ನೋವು ಹೋಗಿದೆ ಅಂದರಂತೆ ಆ ಮನುಷ್ಯ.

ನನಗೆ ಅಷ್ಟು ಬೇಗ ಆಗಲಿಲ್ಲ. ದಿನಕ್ಕೆ ಐದಾರು ಸಲ ಮಾಡುತ್ತಿದ್ದೆ. ಮೊದಲು ಹೆಬ್ಬೆರಳಿನ ಜೋಮು ಕಮ್ಮಿಯಾಯಿತು. ಆಮೇಲೆ ಮೀನಖಂಡ ಹಗುರಾಯಿತು. ಒಂಬತ್ತನೇ ದಿನ ಸಂಜೆ ಎದ್ದು ನಿಂತಾಗ ನೋವು ಪಿರ್ರೆಯಲ್ಲಿ ಮಾತ್ರ ಇತ್ತು, ಅಂಗೈಯಗಲ ಜಾಗ. ಸೊಂಟ ಹಿಂಡುತ್ತಿತ್ತು. ಆದರೂ ನಾನು ಆ ದಿನ ನಗುತ್ತಿದ್ದೆ. ಕಾಲಿಗಿಳಿದ ನೋವು ಬಂದ ದಾರಿಯಲ್ಲೇ ವಾಪಸು ಹೋಗುತ್ತಿದೆ ಅಂತ ಅರ್ಥವಾಗಿತ್ತು.

ಎಲ್ಲರಿಗೂ ಇದೇ ಹಿಂದಕ್ಕೆ ಬಾಗುವ ವ್ಯಾಯಾಮ ಆಗುವುದಿಲ್ಲ, ಇದು ನೆನಪಿರಲಿ. ಅರವತ್ತು ದಾಟಿದ ಕೆಲವರಿಗೆ ಬೆನ್ನುಮೂಳೆಯ ಒಳಗಿನ ನಾಳವೇ ಕಿರಿದಾಗಿರುತ್ತದೆ. ಅಂಥವರು ಸ್ವಲ್ಪ ದೂರ ನಡೆದರೆ ಕಾಲು ಭಾರ, ಕೂತರೆ ಹಾಯ್. ನಂದಿ ಬೆಟ್ಟ ಹತ್ತುವಾಗ ಮುಂದಕ್ಕೆ ಬಾಗಿರುವುದರಿಂದ ಅಷ್ಟು ತೊಂದರೆ ಇಲ್ಲ, ಇಳಿಯುವಾಗ ಕಷ್ಟ. ಸೈಕಲ್ ತಳ್ಳಿಕೊಂಡು ಹೋದರೆ ಆರಾಮ. ಅವರಿಗೆ ಬೇಕಾದದ್ದು ಮುಂದಕ್ಕೆ ಬಾಗುವ ವ್ಯಾಯಾಮ. ಅದಕ್ಕೇ ಮೊಬೈಲಿನಲ್ಲಿ ನೋಡಿ ಮಾಡಬೇಡಿ, ಒಂದು ಸಲ ಬಲ್ಲವರಿಗೆ ತೋರಿಸಿ.

ಜೊತೆಗೆ ನಡಿಗೆ. ಮೊದಲು ಮನೆಯಿಂದ ಅರಳಿಕಟ್ಟೆಯವರೆಗೆ, ಐದು ನಿಮಿಷ. ವಾರಕ್ಕೆ ಎರಡು ಮೂರು ನಿಮಿಷ ಜಾಸ್ತಿ ಮಾಡುತ್ತಾ ಕೆರೆ ಏರಿ ಮುಟ್ಟಿದೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ಒಂದು ಅಧ್ಯಯನ ಆಯಿತು, 2024ರಲ್ಲಿ ಫಲಿತಾಂಶ ಬಂತು. ನಡಿಗೆ ರೂಢಿಸಿಕೊಂಡವರಿಗೆ ನೋವು ಮರುಕಳಿಸುವುದಕ್ಕೆ ಸರಾಸರಿ 208 ದಿನ ಹಿಡಿಯಿತು. ನಡೆಯದವರಿಗೆ 112 ದಿನ. ಚಪ್ಪಲಿ ಬಿಟ್ಟರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಅಂತಲೇ ಮೊದಲ ಸಲ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ ಬೇಕು ಅನ್ನುತ್ತದೆ. ಸೊಂಟದ ಬೆಲ್ಟು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಇವು ಬೇಡ ಅನ್ನುತ್ತದೆ. ನಮ್ಮ ಊರಿನಲ್ಲಿ ಮನೆಗೊಂದು ಬೆಲ್ಟು ಮೊಳೆಗೆ ನೇತಾಡುತ್ತಿರುತ್ತೆ, ಅಲ್ವಾ?

ಆಪರೇಷನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎರಡು ತಿಂಗಳಾದರೂ ನಿದ್ದೆ ಬರದಷ್ಟು ನೋವಿದ್ದರೆ ಅದು ಒಂದು ಒಳ್ಳೆಯ ದಾರಿ. ಮಾಡಿಸಿಕೊಂಡವರಿಗೆ ಕಾಲು ನೋವು ಬೇಗ ಇಳಿಯುತ್ತದೆ. ಕಾದು ನೋಡಿ, ಬೇಕಾದರೆ ಮಾತ್ರ ಮಾಡಿಸಿಕೊಳ್ಳುತ್ತೇವೆ ಅಂದವರೂ ಒಂದು ವರ್ಷದ ಹೊತ್ತಿಗೆ ಅವರಷ್ಟೇ ಚೇತರಿಸಿಕೊಂಡಿರುತ್ತಾರೆ ಅಂತ 2007ರಲ್ಲಿ ನೆದರ್‌ಲ್ಯಾಂಡ್ಸ್‌ನವರೇ ತೋರಿಸಿದರು. ಹೆದರಿಸಿ ಮಾಡಿಸುವ ಹಾಗಿಲ್ಲ ಅನ್ನುವುದಷ್ಟೇ ನನ್ನ ಮಾತು.

ಆದರೆ ಒಂದು ಗಂಟೆಯೂ ಕಾಯಬಾರದ ಸಂದರ್ಭ ಇದೆ. ಮೂತ್ರ ಕಟ್ಟಿಕೊಂಡರೆ, ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಕೂತಾಗ ನೆಲಕ್ಕೆ ತಾಗುವ ಜಾಗ, ತೊಡೆ ಸಂದು ಜೋಮು ಹಿಡಿದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೆಂಗಸರು ನಾಚಿಕೆಯಿಂದ ಇದನ್ನು ಬಾಯಿಬಿಡುವುದಿಲ್ಲ. ದಯವಿಟ್ಟು ಹೇಳಿ. ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೂ ತಡ ಮಾಡಬೇಡಿ.

ನಮ್ಮ ಸೀಮೆಯಲ್ಲಿ ಬೆನ್ನು ನೋವಿಗೆ ಡಿಸ್ಕ್ ಒಂದೇ ಕಾರಣ ಅಲ್ಲ. ಬಾಗೇಪಲ್ಲಿ, ಗುಡಿಬಂಡೆ, ಆ ಕಡೆ ಪಾವಗಡದಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಯ ನಡುವಿನ ಕಟ್ಟುಗಳೇ ಗಟ್ಟಿಯಾಗಿ ಬೆನ್ನು ಬೊಂಬಿನಂತೆ ಬಿಗಿಯಬಹುದು. ಗದ್ದ ಎದೆಗೆ ತಾಗುತ್ತಿಲ್ಲ, ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗುತ್ತಿಲ್ಲ, ಎರಡು ಕೈ ತಲೆಯ ಹಿಂದೆ ಸೇರುತ್ತಿಲ್ಲ ಅನ್ನುವವರು ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಹೆಚ್ಚುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಮುದ್ದೆಗೆ, ಸಾರಿಗೂ ಬಳಸಿ.

ಹಸು ಸಾಕುವವರಿಗೆ ಇನ್ನೊಂದು. ಹಸು ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ಎತ್ತಿದವರಿಗೆ, ಹಸಿ ಹಾಲು ಕುಡಿದವರಿಗೆ ಬ್ರೂಸೆಲ್ಲಾ ಸೋಂಕು ಬರಬಹುದು. ಬಂದು ಹೋಗುವ ಜ್ವರ, ಬೆವರು, ಜೊತೆಗೆ ಬಿಡದ ಸೊಂಟ ನೋವು. ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವೂ ಆಗಿರಬಹುದು. ಎರಡಕ್ಕೂ ಔಷಧಿ ಇದೆ. ಬರೀ ನೋವಿನ ಮಾತ್ರೆ ನುಂಗುತ್ತಾ ಕೂತರೆ ತಿಂಗಳುಗಳು ಹೋಗುತ್ತವೆ. ಹೆಸರಿಲ್ಲದ ಪೊಟ್ಟಣದ ಪುಡಿಯನ್ನಂತೂ ಮುಟ್ಟಬೇಡಿ. ಬಿಪಿ ಇರುವವರು ವಾರಕ್ಕೊಮ್ಮೆ ನೋವಿನ ಸೂಜಿ ಹಾಕಿಸಿಕೊಂಡು ಕೆಲಸಕ್ಕೆ ಹೋಗುವುದು ಕಿಡ್ನಿಗೆ ತುಂಬಾ ಅಪಾಯ.

ನಾನು ಪೂರ್ತಿ ವಾಸಿಯಾದೆ ಅಂತ ಹೇಳುವುದಿಲ್ಲ. ಆರು ವಾರ ಅಂದಿದ್ದು ನನಗೆ ನಾಲ್ಕು ತಿಂಗಳು ಹಿಡಿಯಿತು. ವರ್ಷಕ್ಕೆ ಒಂದೆರಡು ಸಲ ಈಗಲೂ ಹಿಡಿದುಕೊಳ್ಳುತ್ತದೆ. ಹೆದರುವುದಿಲ್ಲ. ಬೋರಲು ಮಲಗುತ್ತೇನೆ, ಬಿಸಿ ನೀರಿನ ಚೀಲ ಇಟ್ಟುಕೊಳ್ಳುತ್ತೇನೆ, ಸಂಜೆ ನಡೆಯುತ್ತೇನೆ. ನಾಲ್ಕು ದಿನಕ್ಕೆ ಸರಿ ಹೋಗುತ್ತದೆ.

ಮನೆಯಲ್ಲಿ ಬದಲಾದದ್ದು ಹುಳು ಮನೆ. ಮೊದಲು ನೆಲಕ್ಕೆ ಬಗ್ಗಿ ಬಗ್ಗಿ ಸೊಪ್ಪು ಹಾಕುತ್ತಿದ್ದೆವು. ವೆಲ್ಡಿಂಗ್ ಅಂಗಡಿಯವರನ್ನು ಮನೆಗೇ ಕರೆಸಿದೆ. ಅವರು ಟೇಪು ಹಿಡಿದು ನನ್ನ ಸೊಂಟಕ್ಕೆ ಸರಿಯಾಗಿ ಅಳತೆ ತೆಗೆದು ಸ್ಟ್ಯಾಂಡ್ ಮಾಡಿಕೊಟ್ಟರು. ರೆಂಬೆ ಸಮೇತ ಸೊಪ್ಪು ಕೊಡುತ್ತೇವೆ, ಹೊರೆ ಚಿಕ್ಕದು, ಎದೆಗೆ ಒತ್ತಿ ಹಿಡಿದುಕೊಂಡೇ ತಿರುಗುತ್ತೇವೆ, ಕಾಲು ಮೊದಲು ತಿರುಗುತ್ತದೆ. ಕೆಳಗಿನ ಹಂತಕ್ಕೆ ಮಾತ್ರ ಈಗಲೂ ಬಗ್ಗಬೇಕು. ಅದು ನನ್ನ ಸೊಸೆಯ ಪಾಲಿಗೆ ಬಂದಿತ್ತು. ಹೋದ ಬೆಳೆಯಲ್ಲಿ ಅವಳು ಸೊಂಟ ಹಿಡಿದುಕೊಂಡು ಎದ್ದು ನಿಂತದ್ದನ್ನು ನೋಡಿದೆ. ಏನೂ ಹೇಳಲಿಲ್ಲ ಅವಳು. ಈ ಬೆಳೆಗೆ ಕೆಳಗಿನ ಹಂತ ತೆಗೆಸಿಬಿಟ್ಟಿದ್ದೇನೆ. ಇಪ್ಪತ್ತೈದು ಚಿಟ್ಟೆಗಳ ಮೊಟ್ಟೆಯಷ್ಟು ಹುಳು ಕಮ್ಮಿ ಮೇಯಿಸುತ್ತಿದ್ದೇವೆ.

ನಮಸ್ಕಾರ.