ಎಲ್ಲಾ ಬಾಯಾರಿಕೆನೂ ಬಿಸಿಲಿಂದಲ್ಲ

ನಮಸ್ಕಾರ ಕೇಳುಗರೇ. ಬೇಸಿಗೆ ಬಂದ್ರೆ ಎಲ್ರಿಗೂ ಬಾಯಾರಿಕೆ ಜಾಸ್ತಿ, ಸರಿ, ಆದ್ರೆ ಚೊಂಬುಗಟ್ಟಲೆ ನೀರು ಕುಡಿದ್ರೂ ನಾಲಿಗೆ ಒಣಗೇ ಇದೆ, ರಾತ್ರಿ ಮೂರ್ನಾಲ್ಕು ಸಲ ಎದ್ದು ಒಂದಕ್ಕೆ ಹೋಗ್ಬೇಕಾಗುತ್ತೆ, ಹೊಟ್ಟೆ ತುಂಬಾ ಉಂಡ್ರೂ ಬಟ್ಟೆ ಸಡಿಲ ಆಗ್ತಿದೆ ಅಂದ್ರೆ ಅದನ್ನ ಬಿಸಿಲಿನ ತಲೆಗೆ ಕಟ್ಟಬೇಡಿ, ಮೊದಲು ಶುಗರ್ ಟೆಸ್ಟ್ ಮಾಡಿಸಿ.

ನೀರು ಜಾಸ್ತಿ ಕುಡೀತೀನಿ ಅದಕ್ಕೇ ಜಾಸ್ತಿ ಹೋಗುತ್ತೆ ಅಂತ ತುಂಬಾ ಜನ ಅಂದ್ಕೋತಾರೆ. ಶುಗರ್ ಏರಿದಾಗ ಇದು ಉಲ್ಟಾ ನಡೆಯುತ್ತೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ್ರೆ ಕಿಡ್ನಿಗೆ ಅದನ್ನ ಪೂರ್ತಿ ತಡೆಯೋಕಾಗಲ್ಲ, ಮೂತ್ರಕ್ಕೆ ಇಳಿಯುತ್ತೆ, ಇಳಿಯೋವಾಗ ಮೈಯಲ್ಲಿರೋ ನೀರನ್ನೂ ಎಳ್ಕೊಂಡು ಹೋಗುತ್ತೆ, ಆ ನೀರು ಹೋಗಿದ್ದಕ್ಕೇ ಈ ದಾಹ. ಉಂಡಿದ್ದು ಮೈಗೆ ಹತ್ತದೆ ಕೊಬ್ಬು, ಮಾಂಸ ಕರಗುತ್ತೆ, ಅದಕ್ಕೇ ತೂಕ ಇಳಿಯೋದು, ಸುಸ್ತಾಗೋದು. ಇಂಥ ಹೊತ್ತಲ್ಲಿ ದಾಹ ಅಂತ ಕಬ್ಬಿನಹಾಲು, ಕೂಲ್‌ಡ್ರಿಂಕ್ಸು, ಸಕ್ಕರೆ ಹಾಕಿದ ಜ್ಯೂಸು ಕುಡಿದ್ರೆ ಶುಗರ್ ಇನ್ನೂ ಏರುತ್ತೆ, ದಯವಿಟ್ಟು ಬರೀ ನೀರು ಕುಡೀರಿ. ಮೂತ್ರಕ್ಕೆ ಇರುವೆ ಮುತ್ತಿದ್ರೆ ಸಕ್ಕರೆ ಕಾಯಿಲೆ ಅಂತ ಹಿರಿಯರು ಹೇಳೋದ್ರಲ್ಲಿ ಹುರುಳಿದೆ, ಆದ್ರೆ ಇರುವೆ ಬಂದಿಲ್ಲ ಅಂತ ಧೈರ್ಯವಾಗಿ ಕೂರೋ ಹಾಗಿಲ್ಲ.

ಕಣ್ಣು ಮಂಜಾಗುತ್ತೆ, ಕೆಲವರು ನೇರ ಹೋಗಿ ಹೊಸ ಕನ್ನಡಕ ಮಾಡಿಸ್ಕೊಂಡ್ಬಿಡ್ತಾರೆ. ಕಾಲಿನ ಗಾಯ ಬೇಗ ಮಾಯಲ್ಲ, ಪಾದ ಜುಮ್ಮನ್ನುತ್ತೆ. ಇನ್ನೊಂದು, ಹೆಣ್ಮಕ್ಕಳು ನಾಚಿಕೆಗೆ ಬಾಯೇ ಬಿಡಲ್ಲ, ಗುಪ್ತಾಂಗದಲ್ಲಿ ತುರಿಕೆ, ಬಿಳಿ ಸೆರಗು ಮತ್ತೆ ಮತ್ತೆ ಬರ್ತಿದ್ರೆ ಅದರ ಹಿಂದೆಯೂ ಶುಗರ್ ಇರಬಹುದು, ಅಕ್ಕಂದಿರೇ, ಡಾಕ್ಟರ್ ಹತ್ರ ಮುಚ್ಚಿಡಬೇಡಿ, ಅವರಿಗೆ ಇದು ದಿನಾ ನೋಡೋ ವಿಷಯ.

ಎಷ್ಟೋ ಜನಕ್ಕೆ ಇದ್ಯಾವುದೂ ಕಾಣ್ಸಲ್ಲ, ವರ್ಷಗಟ್ಟಲೆ ಶುಗರ್ ಸದ್ದಿಲ್ದೆ ಏರಿರುತ್ತೆ. ಅದಕ್ಕೇ 30 ದಾಟಿದವರು ಏನೂ ತೊಂದ್ರೆ ಇಲ್ದಿದ್ರೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಒಂದ್ಸಲ ನೋಡಿಸ್ಕೊಳ್ಳಿ. ಬೆಳಗ್ಗೆ ಖಾಲಿ ಹೊಟ್ಟೆಲಿ 100ರ ಒಳಗಿದ್ರೆ ನಿರಾಳ, 126 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಸಕ್ಕರೆ ಕಾಯಿಲೆ ಲೆಕ್ಕ, ಲಕ್ಷಣ ಇಲ್ದವರಿಗೆ ಇನ್ನೊಂದ್ಸಲ ಟೆಸ್ಟ್ ಮಾಡಿ ಖಚಿತ ಮಾಡ್ಕೋತಾರೆ. ನಡುವೆ ಇದ್ರೆ ಅದು ಕಾಯಿಲೆಗೆ ಮುಂಚಿನ ಹಂತ, ಊಟ, ನಡಿಗೆ, ತೂಕದ ಕಡೆ ಗಮನ ಕೊಟ್ರೆ ಎಷ್ಟೋ ಜನಕ್ಕೆ ಅಲ್ಲೇ ತಡೆಯೋಕಾಗುತ್ತೆ.

ಮಕ್ಕಳ ವಿಷಯ ಮಾತ್ರ ಹೀಗೆ ನಿಧಾನ ಮಾಡೋದಲ್ಲ. ಹಾಸಿಗೇಲಿ ಉಚ್ಚೆ ಮಾಡೋದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದೆ, ಸಣ್ಣಗಾಗ್ತಿದೆ, ನೀರು ನೀರು ಅಂತಿದೆ ಅಂದ್ರೆ ಗದರಬೇಡಿ, ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಅವತ್ತೇ ಶುಗರ್ ನೋಡಿಸಿ. ಮಕ್ಕಳಾಗ್ಲಿ ದೊಡ್ಡೋರಾಗ್ಲಿ ವಾಂತಿ, ಹೊಟ್ಟೆನೋವು, ಉಸಿರಲ್ಲಿ ಹಣ್ಣಿನಂಥ ವಾಸನೆ, ಜೋರಾಗಿ ಆಳವಾಗಿ ಉಸಿರಾಡೋದು, ಮಂಪರು ಇವೆಲ್ಲ ಶುರುವಾದ್ರೆ ಜೀವಕ್ಕೇ ಅಪಾಯ, ಬೆಳಗಾಗ್ಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.