ಸೆಲ್ಲು ಎಂಬ ಪುಟ್ಟ ಕೋಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕೆಂದಿರುವುದು ಒಂದೇ ಒಂದು ಪದದ ಬಗ್ಗೆ. ಸೆಲ್. ನಮ್ಮ ಹಳ್ಳಿಯ ಬಾಯಲ್ಲಿ ಶೆಲ್ಲು. ನೀವು ಈಗ ಕೇಳುತ್ತಿರುವ ರೇಡಿಯೊದ ಬೆನ್ನಿನಲ್ಲಿ ಎರಡು ಶೆಲ್ಲು ಇರಬಹುದು. ಜೇಬಿನಲ್ಲಿ ಸೆಲ್ ಫೋನ್ ಇದೆ. ಮೈತುಂಬ ಸೆಲ್‌ಗಳಿವೆ, ಸುಮಾರು ಮೂವತ್ತು ಲಕ್ಷ ಕೋಟಿ. ಜೈಲಿನಲ್ಲೂ ಸೆಲ್ ಇದೆ, ಅದರ ದರ್ಶನ ಯಾರಿಗೂ ಬೇಡ. ಆಫೀಸಿಗೆ ಹೋದರೆ ದೂರು ಕೊಡಲು ಒಂದು ಸೆಲ್, ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಸಾಲುಸಾಲು ಸೆಲ್.

ಇಷ್ಟೊಂದು ಅರ್ಥ ಹೇಗೆ ನೆನಪಿಡುವುದು ಅನ್ನುತ್ತೀರಾ? ನೆನಪಿಡಲೇಬೇಡಿ. ಎಲ್ಲ ಕಡೆಯೂ ಅರ್ಥ ಒಂದೇ. ಪುಟ್ಟ ಕೋಣೆ. ಲ್ಯಾಟಿನ್ ಭಾಷೆಯಲ್ಲಿ 'ಸೆಲ್ಲಾ' ಅಂದರೆ ಚಿಕ್ಕ ಕೋಣೆ, ಉಗ್ರಾಣ. ರೋಮನ್ನರು ಎಣ್ಣೆ, ದ್ರಾಕ್ಷಾರಸ ಕೂಡಿಡುತ್ತಿದ್ದ ಕೋಣೆಯೂ ಸೆಲ್ಲಾ, ಅವರ ದೇವಸ್ಥಾನದಲ್ಲಿ ಮೂರ್ತಿ ನಿಲ್ಲಿಸುತ್ತಿದ್ದ ಒಳಕೋಣೆಯೂ ಸೆಲ್ಲಾ. ನಮ್ಮ ಗರ್ಭಗುಡಿ ಇದ್ದ ಹಾಗೆ. ಆಮೇಲೆ ಕ್ರೈಸ್ತ ಸನ್ಯಾಸಿಗಳು ಒಬ್ಬೊಬ್ಬರೇ ಕೂತು ಧ್ಯಾನ ಮಾಡುವ ಕೋಣೆಗೆ ಅದೇ ಹೆಸರು ಬಂತು, ಮುಂದೆ ಕೈದಿಯ ಕೋಣೆಗೂ ಬಂತು. ಸನ್ಯಾಸಿಗೂ ಕೈದಿಗೂ ಕೋಣೆ ಒಂದೇ, ಅಗುಳಿ ಯಾವ ಕಡೆಗಿದೆ ಅನ್ನುವುದಷ್ಟೇ ವ್ಯತ್ಯಾಸ.

ಇದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ಒಬ್ಬ ಹುಡುಗನಿಂದ. ಆ ಕಥೆ ಹೇಳದೆ ನನಗೆ ಮುಂದೆ ಹೋಗಲು ಆಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಕಾಲ. ಮಲೆನಾಡಿನ ಶಾಲೆ, ಇದ್ದದ್ದು ಒಂದೇ ಮೈಕ್ರೋಸ್ಕೋಪು. ಈರುಳ್ಳಿಯ ತೆಳು ಸಿಪ್ಪೆ ಬಿಡಿಸಿ, ಗಾಜಿನ ಮೇಲಿಟ್ಟು, ಒಂದು ಹನಿ ಅಯೋಡಿನ್ ಬಿಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದೆ. ಪ್ರತಿಯೊಬ್ಬರೂ ನೋಡುವ ಮೊದಲೇ ಪಾಠ ಒಪ್ಪಿಸುತ್ತಿದ್ದರು: 'ಜೀವಕೋಶವು ಜೀವಿಯ ರಚನಾತ್ಮಕ ಹಾಗೂ ಕ್ರಿಯಾತ್ಮಕ ಘಟಕ.' ಈ ವಾಕ್ಯವನ್ನು ಎಷ್ಟು ಸಾವಿರ ಸಲ ಕೇಳಿದ್ದೇನೋ! ಅರ್ಥ ಕೇಳಿದರೆ ಮತ್ತೆ ಅದೇ ವಾಕ್ಯ, ಇನ್ನೂ ಜೋರಾಗಿ.

ಕೊನೆಯ ಬೆಂಚಿನ ಹುಡುಗನ ಸರದಿ ಬಂತು. ಅವನು ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ ಕೇಳಿದ, 'ಸಾರ್, ಇದಕ್ಕೆ ಸೆಲ್ ಅಂತೀರಲ್ಲ, ಬ್ಯಾಟರಿಗೆ ಹಾಕೋ ಶೆಲ್ಲಿಗೂ ಇದಕ್ಕೂ ಏನು ಸಂಬಂಧ?' ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ, 'ಈರುಳ್ಳಿ ಹಾಕಿ ಬ್ಯಾಟರಿ ಹೊತ್ತಿಸಿಕೊಂಡು ಮನೆಗೆ ಹೋಗು' ಅಂದುಬಿಟ್ಟೆ. ಹುಡುಗ ಸುಮ್ಮನೆ ಹೋಗಿ ಕೂತ.

ಮಾರನೆಯ ದಿನ ಅವನು ಮುತ್ತುಗದ ಎಲೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಬಿಚ್ಚಿದರೆ ತುಡುವೆ ಜೇನಿನ ಒಂದು ತುಂಡು ಎರಿ. ಅವನ ಮನೆಯಲ್ಲಿ ಜೇನು ಸಾಕುತ್ತಿದ್ದರು. 'ನಿನ್ನೆ ಕಂಡದ್ದು ಹಿಂಗೇ ಇತ್ತು ಸಾರ್' ಅಂದ.

ನಾನು ತಬ್ಬಿಬ್ಬಾದೆ. ಯಾಕೆಂದರೆ 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹೇಳಿದ್ದೂ ಅದನ್ನೇ! ಲಂಡನ್ನಿನಲ್ಲಿ ಆತ ಬಾಟಲಿಗೆ ಬಿರಡೆ ಮಾಡುವ ಕಾರ್ಕಿನ ತುಂಡನ್ನು ಹರಿತವಾದ ಚಾಕುವಿನಿಂದ ತೆಳ್ಳಗೆ ಹೆರೆದು ಮೈಕ್ರೋಸ್ಕೋಪಿನ ಕೆಳಗಿಟ್ಟ. ಜೇನಿನ ಎರಿಯಂತೆ ತೂತುತೂತಾಗಿ ಕಂಡಿತು. ಆ ಪುಟ್ಟ ಗೂಡುಗಳನ್ನು ಸೆಲ್ ಎಂದು ಕರೆದ. ಒಂದು ಘನ ಅಂಗುಲ ಬಿರಡೆಯಲ್ಲಿ ಇಂಥವು 125 ಕೋಟಿಗೂ ಹೆಚ್ಚಿವೆ ಎಂದು ಲೆಕ್ಕ ಹಾಕಿದ. ತಮಾಷೆ ಏನೆಂದರೆ, ಬಿರಡೆ ಸತ್ತ ತೊಗಟೆ. ಹುಕ್ ನೋಡಿದ್ದು ಜೀವವಲ್ಲ, ಬರೀ ಗೋಡೆಗಳನ್ನು. ಮನೆಯವರೆಲ್ಲ ಖಾಲಿ ಮಾಡಿ ಹೋದ ವಠಾರ ಅದು. ಆದರೂ ಹೆಸರು ನಿಂತಿತು. ನಿಂತದ್ದು ಯಾಕೆ? ಅದು ಪುಟ್ಟ ಕೋಣೆ ಆದ್ದರಿಂದ!

ಪ್ರಾಣಿಗಳ ಜೀವಕೋಶಕ್ಕೆ ಗೋಡೆ ಇಲ್ಲ, ಪೊರೆ ಮಾತ್ರ ಇರುತ್ತದೆ ಎಂದು ನಾಳೆ ಪತ್ರ ಬರೆಯುವವರು ದಯವಿಟ್ಟು ಕಾರ್ಡಿನ ದುಡ್ಡು ಉಳಿಸಿ. ಒಳಗು ಬೇರೆ, ಹೊರಗು ಬೇರೆ ಮಾಡಿದರೆ ಇವತ್ತಿನ ಮಟ್ಟಿಗೆ ಅದು ಗೋಡೆಯೇ.

ಹುಡುಗನ ಪ್ರಶ್ನೆಗೆ ಬರುತ್ತೇನೆ. ಶೆಲ್ಲಿಗೂ ಈರುಳ್ಳಿಗೂ ಸಂಬಂಧ ಇದೆ. ಸತುವಿನ ಒಂದು ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಸುತ್ತ ಮ್ಯಾಂಗನೀಸಿನ ಕಪ್ಪು ಪುಡಿ, ನವಸಾಗರ ಎಂಬ ಉಪ್ಪಿನ ಗಂಜಿಯಂಥ ಸರಿ. ವಿದ್ಯುತ್ತು ಹುಟ್ಟುವ ಒಂದು ಪುಟ್ಟ ಕೋಣೆ. ಒಂದು ಕೋಣೆಗೆ ಒಂದೂವರೆ ವೋಲ್ಟ್. ಇಂಥವನ್ನು ಸಾಲಾಗಿ ಜೋಡಿಸಿದರೆ ಅದು ಬ್ಯಾಟರಿ. ಬ್ಯಾಟರಿ ಅಂದರೆ ಮೊದಲು ಫಿರಂಗಿಗಳ ಸಾಲು. ಆ ಪದವನ್ನು ವಿದ್ಯುತ್ತಿಗೆ ತಂದವನು ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್. ಪೇಟೆಯವರು ಒಂದೇ ಒಂದನ್ನು ಹಿಡಿದುಕೊಂಡು 'ಬ್ಯಾಟರಿ ಕೊಡಿ' ಅನ್ನುತ್ತಾರೆ. ನಮ್ಮ ಅಜ್ಜಿ ಟಾರ್ಚನ್ನು ಬ್ಯಾಟರಿ ಅನ್ನುತ್ತಿದ್ದಳು, ಒಳಗೆ ಹಾಕುವುದನ್ನು ಶೆಲ್ಲು ಅನ್ನುತ್ತಿದ್ದಳು. ಸರಿ ಯಾರದು ಹೇಳಿ? ಅಜ್ಜಿಯದೇ!

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷವಂತೆ. ಫೋನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಒಳಗೆ ಶೆಲ್ಲು ಇರುವುದರಿಂದ ಸೆಲ್ ಫೋನ್ ಅನ್ನುತ್ತಾರೆಂದು ಕಾಲೇಜು ಮೆಟ್ಟಿಲು ಹತ್ತಿದವರೂ ನನಗೆ ಹೇಳಿದ್ದಾರೆ. ಅಲ್ಲ, ಅಲ್ಲ, ಅಲ್ಲ. ಊರನ್ನೆಲ್ಲ ಕೋಣೆಕೋಣೆಯಾಗಿ ಭಾಗ ಮಾಡಿ, ಕೋಣೆಗೊಂದು ಟವರು ನಿಲ್ಲಿಸುತ್ತಾರೆ. ಈ ಕೋಣೆಯ ತರಂಗಾಂತರವನ್ನೇ ನಾಲ್ಕು ಕೋಣೆ ದಾಟಿ ಮತ್ತೆ ಬಳಸಬಹುದು, ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲೇ ಈ ಯೋಚನೆ ಮಾಡಿದ್ದರು. ಕಾಗದದ ಮೇಲೆ ಬರೆದ ಆ ಕೋಣೆಗಳಿಗೆ ಎಷ್ಟು ಮೂಲೆ ಗೊತ್ತೆ? ಆರು. ಮತ್ತೆ ಜೇನು! ನೀವು ಬಸ್ಸಿನಲ್ಲಿ ಮಾತಾಡುತ್ತ ಶಿವಮೊಗ್ಗದಿಂದ ಸಾಗರಕ್ಕೆ ಹೋಗುವಾಗ ಕೋಣೆಯಿಂದ ಕೋಣೆಗೆ ನಡೆದುಹೋಗುತ್ತಿರುತ್ತೀರಿ, ಹೊಸ್ತಿಲು ದಾಟಿದ್ದು ಗೊತ್ತೇ ಆಗುವುದಿಲ್ಲ.

ಕನ್ನಡದಲ್ಲಿ ಸೆಲ್‌ಗೆ ಕೋಶ ಎಂದದ್ದು ಬಹಳ ಸೊಗಸು. ಬೊಕ್ಕಸವೂ ಕೋಶ, ರೇಷ್ಮೆಗೂಡೂ ಕೋಶ. ಒಳಗೆ ಏನನ್ನೋ ಕಾಪಾಡುವ ಜಾಗ. ರಕ್ತದ ವಿಷಯ ಬಂದಾಗ ಮಾತ್ರ ಕೋಶ ಬಿಟ್ಟು 'ಕಣ' ಅಂದೆವು. ಕೋಣೆ ಹೋಯಿತು, ಕಾಳು ಉಳಿಯಿತು. ಈ ಬಗ್ಗೆ ಹೇಳುವುದು ಬಹಳಷ್ಟಿತ್ತು, ಹೊತ್ತಿಲ್ಲ.

ಒಂದೇ ಮಾತು. ನಿಮ್ಮ ರೇಡಿಯೊ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುವುದಾದರೆ ಶೆಲ್ಲು ತೆಗೆದಿಡಿ. ಸತುವಿನ ಡಬ್ಬಿ ಬರೀ ಗೋಡೆಯಲ್ಲ, ವಿದ್ಯುತ್ತು ಕೊಡುತ್ತ ಕರಗಿಹೋಗುವುದೂ ಅದೇ. ಗೋಡೆ ತೂತಾದರೆ ಒಳಗಿನ ಸರಿ ಸೋರಿ ರೇಡಿಯೊದ ತಂತಿಗಳನ್ನೆಲ್ಲ ತಿಂದುಹಾಕುತ್ತದೆ. ಹೋದ ಮಳೆಗಾಲದಲ್ಲಿ ನನ್ನದು ಹಾಗೇ ಹಾಳಾಯಿತು. ನಮಸ್ಕಾರ.