ಚುಚ್ಚಿಸಿಕೊಂಡ ಗಾಯ ಮಾಯುವವರೆಗೆ

ಕೇಳುಗರಿಗೆ ನಮಸ್ಕಾರ.

ಕಿವಿ, ಮೂಗು, ಹುಬ್ಬು, ಹೊಕ್ಕುಳು, ನಾಲಿಗೆ, ಹೀಗೆ ದೇಹದ ಯಾವ ಭಾಗವನ್ನು ಚುಚ್ಚಿಸಿಕೊಂಡರೂ ಸೂಜಿಯ ಕೆಲಸ ಕ್ಷಣದಲ್ಲಿ ಮುಗಿದುಹೋಗುತ್ತದೆ. ಗಾಯ ಮಾಯುವ ಕೆಲಸ ಆಗಷ್ಟೇ ಆರಂಭವಾಗುತ್ತದೆ. ಈ ಗಾಯ ಮಾಯುವುದು ಹೊರಗಿನಿಂದ ಒಳಕ್ಕೆ. ರಂಧ್ರದ ಎರಡೂ ಬಾಯಿಗಳಲ್ಲಿ ಚರ್ಮದ ಹೊಸ ಪದರ ಹುಟ್ಟಿ, ನಿಧಾನವಾಗಿ ನಡುವಿನತ್ತ ಬೆಳೆದು, ಒಡವೆಯ ಸುತ್ತ ಒಂದು ಸಣ್ಣ ಕೊಳವೆಯಾಗಿ ಕೂಡಿಕೊಳ್ಳಬೇಕು. ಆದ್ದರಿಂದಲೇ ಮೇಲ್ನೋಟಕ್ಕೆ ಒಣಗಿದಂತೆ ಕಾಣುವ ಗಾಯ ಒಳಗೆ ಇನ್ನೂ ಹಸಿಯಾಗಿರಬಹುದು. ನೋವು ನಿಂತಿತೆಂದು ಆರೈಕೆಯನ್ನೂ ನಿಲ್ಲಿಸಿ, ಒಡವೆ ಬದಲಿಸಲು ಅವಸರಪಡುವವರು ತೊಂದರೆಗೆ ಸಿಲುಕುವುದು ಈ ಹಂತದಲ್ಲಿಯೇ.

ಕಿವಿಯ ಹಾಲೆ ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮಾಯುತ್ತದೆ. ಹೊಕ್ಕುಳಿಗೆ 6 ತಿಂಗಳಿನಿಂದ ಒಂದು ವರ್ಷದವರೆಗೂ ಬೇಕಾಗಬಹುದು. ಉಡುಪಿನ ಅಂಚು ಅಲ್ಲಿ ಸದಾ ಉಜ್ಜುತ್ತಿರುವುದು ಇದಕ್ಕೆ ಒಂದು ಕಾರಣ. ಕಿವಿಯ ಮೇಲ್ಭಾಗದ ಗಡುಸಾದ ಮೃದ್ವಸ್ಥಿಯೂ ಹಲವು ತಿಂಗಳು ತೆಗೆದುಕೊಳ್ಳುತ್ತದೆ. ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ; ಅದನ್ನು ಹೊದ್ದಿರುವ ತೆಳುಪೊರೆಯ ಮೂಲಕವೇ ಅದಕ್ಕೆ ಪೋಷಣೆ ಸಿಗಬೇಕು. ಅಲ್ಲಿ ಸೋಂಕು ತಗುಲಿದರೆ ದೇಹದ ರಕ್ಷಣಾ ಕಣಗಳು ತಲುಪುವುದೂ ತಡ, ಔಷಧ ತಲುಪುವುದೂ ತಡ. ಅಲಕ್ಷಿಸಿದರೆ ಕಿವಿಯ ಆಕಾರವೇ ಕೆಡಬಹುದು. ಹಾಲೆಯಲ್ಲಿ ಕೆಲವು ದಿನ ಕಾದು ನೋಡಬಹುದಾದ ಕೆಂಪು, ಊತಗಳನ್ನು ಇಲ್ಲಿ ಹಾಗೆ ಬಿಡಬಾರದು ಎಂದು ಒತ್ತಿ ಹೇಳುತ್ತೇನೆ.

ಇನ್ನು ಶುಚಿತ್ವದ ಮಾತು. ಗಾಯದ ಬಳಿಗೆ ಕೈ ಒಯ್ಯುವ ಮೊದಲು ಕೈಗಳನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು. ಗಾಯ ತೊಳೆಯಲೆಂದೇ ಔಷಧ ಅಂಗಡಿಗಳಲ್ಲಿ ದೊರೆಯುವ, ಶೇಕಡಾ 0.9ರಷ್ಟು ಸೋಡಿಯಂ ಕ್ಲೋರೈಡ್ ಉಳ್ಳ ಕ್ರಿಮಿರಹಿತ ಸಲೈನ್ ಇದಕ್ಕೆ ಸಾಕು. ಅದನ್ನು ದಿನಕ್ಕೆ ಎರಡು ಬಾರಿ ರಂಧ್ರದ ಎರಡೂ ಬದಿಗೆ ಹಾಕಿ, ಮೆತ್ತಗಾದ ಹಕ್ಕಳೆ ತಾನಾಗಿ ಕಳಚುವಷ್ಟನ್ನು ಮಾತ್ರ ಒರೆಸಿ, ಶುಚಿಯಾದ ಕಾಗದದ ಕರವಸ್ತ್ರದಿಂದ ತೇವ ಹೀರಿಸಿದರೆ ಆ ಹೊತ್ತಿನ ಆರೈಕೆ ಮುಗಿಯಿತು. ಬಟ್ಟೆಯ ಟವೆಲ್ಲಿನ ಎಳೆ ಒಡವೆಗೆ ಸಿಕ್ಕಿಕೊಳ್ಳುತ್ತದೆ, ಸೂಕ್ಷ್ಮಜೀವಿಗಳೂ ಅದರಲ್ಲಿ ಉಳಿದಿರುತ್ತವೆ. ಸ್ಪಿರಿಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಉರಿದಷ್ಟೂ ಗುಣ ಹೆಚ್ಚು ಎಂಬ ನಂಬಿಕೆ ಸರಿಯಲ್ಲ. ಅವು ಹೊಸದಾಗಿ ಹುಟ್ಟುತ್ತಿರುವ ಚರ್ಮದ ಕೋಶಗಳಿಗೇ ಹಾನಿ ಮಾಡುತ್ತವೆ. ಜಿಡ್ಡಿನ ಮುಲಾಮು ಗಾಯಕ್ಕೆ ಗಾಳಿಯಾಡದಂತೆ ಮಾಡುತ್ತದೆ. ಅಂಟಿಕೊಳ್ಳದಿರಲೆಂದು ಒಡವೆಯನ್ನು ಆಗಾಗ ತಿರುಗಿಸಬೇಕೆಂಬ ಹಳೆಯ ಸಲಹೆಯನ್ನೂ ದಯವಿಟ್ಟು ಕೈಬಿಡಿ. ಪ್ರತಿ ಸಲ ತಿರುಗಿಸಿದಾಗಲೂ ಒಳಗಿನ ಎಳೆಯ ಪದರ ಹರಿದು, ಒಣಗಿದ ಹಕ್ಕಳೆ ಹಸಿಗಾಯದೊಳಕ್ಕೆ ಎಳೆಯಲ್ಪಡುತ್ತದೆ.

ಚುಚ್ಚಿಸಿಕೊಂಡ ಬದಿಗೆ ಒರಗಿ ಮಲಗುವುದನ್ನು ಬಿಡಬೇಕು; ನಿರಂತರ ಒತ್ತಡದಿಂದ ರಂಧ್ರ ಓರೆಯಾಗುವುದುಂಟು, ಸುತ್ತ ಗಂಟೇಳುವುದೂ ಉಂಟು. ಮಾಯುವವರೆಗೆ ಕೆರೆ, ಈಜುಕೊಳಗಳಿಂದ ದೂರವಿರಿ.

ಮೊದಲ ದಿನಗಳಲ್ಲಿ ತುಸು ಊತ, ನೋವು, ಒಸರಿ ಒಣಗುವ ತಿಳಿಹಳದಿ ದ್ರವ ಸಹಜ. ಅದನ್ನು ಕೀವೆಂದು ಭಾವಿಸಿ ಗಾಬರಿಪಡಬೇಕಾಗಿಲ್ಲ. ಆದರೆ ದಿನ ಕಳೆದಂತೆ ಇಳಿಯಬೇಕಾದ ನೋವು ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ದಪ್ಪನೆಯ ಹಸಿರು ಅಥವಾ ಹಳದಿ ಕೀವು ವಾಸನೆ ಬೀರುತ್ತಿದ್ದರೆ, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅಂಥ ಸಮಯದಲ್ಲಿ ಒಡವೆಯನ್ನು ತಾವಾಗಿಯೇ ಕಿತ್ತುಬಿಡಬಾರದು, ಏಕೆಂದರೆ ರಂಧ್ರದ ಬಾಯಿ ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ಬರಿಯ ತುರಿಕೆ ಮತ್ತು ದದ್ದು ಕಾಣಿಸಿಕೊಂಡರೆ ನಿಕಲ್ ಲೋಹದ ಅಲರ್ಜಿ ಇರಬಹುದೇ ಎಂದು ವಿಚಾರಿಸಿ. ದೇಹದೊಳಗೆ ಅಳವಡಿಸಲು ಬಳಸುವ ದರ್ಜೆಯ ಟೈಟಾನಿಯಂ ಅಂಥವರಿಗೆ ಒಗ್ಗುತ್ತದೆ. ಮಧುಮೇಹವಿರುವವರು, ಹುಟ್ಟಿನಿಂದ ಹೃದಯದ ದೋಷವಿರುವವರು ಚುಚ್ಚಿಸಿಕೊಳ್ಳುವ ಮೊದಲೇ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ನಾಲಿಗೆ ಬೇಗ ಮಾಯುತ್ತದೆ, ಆದರೆ ಮೊದಲಿಗೆ ಬಹಳ ಊದುತ್ತದೆ. ಆ ಕಾರಣಕ್ಕೆ ಅಲ್ಲಿ ಉದ್ದನೆಯ ಕಡ್ಡಿ ಹಾಕಿರುತ್ತಾರೆ. ಊತ ಇಳಿದ ಮೇಲೂ ಅದನ್ನೇ ಉಳಿಸಿಕೊಂಡರೆ ಹಲ್ಲು ಚಕ್ಕೆಯೇಳಬಹುದು, ವಸಡು ಸವೆಯಬಹುದು; ಹಾಗಾಗಿ ಚುಚ್ಚಿದವರಲ್ಲಿಗೇ ಮರಳಿ ಹೋಗಿ ಗಿಡ್ಡ ಕಡ್ಡಿ ಹಾಕಿಸಿಕೊಳ್ಳಬೇಕು. ಉಳಿದ ಭಾಗಗಳಲ್ಲಿಯೂ ಮೊದಲ ಒಡವೆಯ ಬದಲಾವಣೆಯನ್ನು ಅವರ ಕೈಯಿಂದಲೇ, ಅವರು ಪರೀಕ್ಷಿಸಿ ಒಪ್ಪಿದ ನಂತರವೇ ಮಾಡಿಸಿಕೊಳ್ಳಿ. ಬದಲಾವಣೆಯ ನಡುವೆ ಹೆಚ್ಚು ಹೊತ್ತು ಬರಿದಾಗಿ ಬಿಡಬಾರದು. ಹೊಸ ರಂಧ್ರ ಕೆಲವೇ ಗಂಟೆಗಳಲ್ಲಿ ಕಿರಿದಾಗಿ, ಮತ್ತೆ ಒಡವೆ ತೊಡುವುದೇ ಕಷ್ಟವಾಗಬಹುದು.

ನಮಸ್ಕಾರ.